ಮನಸ್ಸು ಬಿಚ್ಚಿ ಮಾತನಾಡಲು ಮನೆಯಲ್ಲೇ ಮೂಲಿಕೆ ಸಿಹಿ

ಸಂಕ್ರಾಂತಿಯ ದಿನ ಎಳ್ಳು ಬೀರುವ ಪದ್ಧತಿ ನಮ್ಮ ಹಲವು ಹಳ್ಳಿಗಳಲ್ಲಿ ಉಂಟು. ‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು’ ಎಂದು ಹೇಳಿ ಕೊಡುತ್ತಾರೆ. ಉತ್ತರ ಕರ್ನಾಟಕದ ಕಡೆ ಕುಸುರೆಳ್ಳು ಕೈಗೆ ಹಾಕಿ, ಕಿರಿಯರು ಹಿರಿಯರ ಕಾಲಿಗೆ ಎರಗುತ್ತಾರೆ. ಬದುವಿನ ಜಗಳದಿಂದ ಮಾತು ಬಿಟ್ಟಿದ್ದವರೂ ಅಂದು ಎಳ್ಳಿನ ನೆಪದಲ್ಲಿ ಒಬ್ಬರ ಮನೆ ಹೊಸಿಲನ್ನು ಒಬ್ಬರು ತುಳಿಯುತ್ತಾರೆ. ಸಿಹಿಗೂ ಮಾತಿಗೂ ನಂಟು ಇದೆ ಎಂಬುದನ್ನು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು.

ಈ ನಂಟನ್ನೇ ಬಂಡವಾಳ ಮಾಡಿಕೊಂಡು ಇಂದು ಸಂತೆಯಲ್ಲಿಯೂ ಪೇಟೆಯಲ್ಲಿಯೂ ‘ದಾಂಪತ್ಯ ಸುಖ’ದ ಲೇಹ್ಯ, ಉಂಡೆ, ಜೇನು ಮುಂತಾದವನ್ನು ದುಬಾರಿ ಬೆಲೆಗೆ ಮಾರಲಾಗುತ್ತಿದೆ. ಇವುಗಳ ಕಚ್ಚಾಮಾಲಿನ ಬಹುಪಾಲು ಬೆಳೆಯುವುದು ರೈತರ ಹೊಲದಲ್ಲಿಯೇ. ಆದ್ದರಿಂದ ಮೂಲಿಕೆ ಸಿಹಿಯಿಂದ ಏನಾಗುತ್ತದೆ, ಏನಾಗುವುದಿಲ್ಲ, ಮನೆಯಲ್ಲಿ ಮಾಡಿಕೊಳ್ಳುವುದು ಹೇಗೆ, ಯಾವುದನ್ನು ಎಂದೂ ಬೆರೆಸಬಾರದು ಎಂಬುದನ್ನು ಬೇಸಾಯಗಾರರು ತಿಳಿದಿರುವುದು ಒಳ್ಳೆಯದು.

ಸಿಹಿ ಮಾಡುವ ಕೆಲಸವೇನು?

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ತಿಂದ ಕೂಡಲೇ ಮುಚ್ಚಿದ ಮನಸ್ಸನ್ನು ತೆರೆಯುವ, ಒಲ್ಲದವರಲ್ಲಿ ಒಲವು ಹುಟ್ಟಿಸುವ ಬೇರಾಗಲಿ ಹೂವಾಗಲಿ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೈದ್ಯರ ಚೀಟಿಯಿಲ್ಲದೆ ಮಾರುವ ಕಾಮೋತ್ತೇಜಕಗಳನ್ನು ಪರಿಶೀಲಿಸಿ, ಅವು ಸುರಕ್ಷಿತ ಮತ್ತು ಪರಿಣಾಮಕಾರಿ ಎಂಬುದಕ್ಕೆ ಆಧಾರವಿಲ್ಲವೆಂದು 1989ರಲ್ಲಿಯೇ ತೀರ್ಮಾನಿಸಿತು.

ಹಾಗಾದರೆ ಸಿಹಿಯಿಂದ ಉಪಯೋಗವೇ ಇಲ್ಲವೇ? ಇದೆ, ಅದು ಮೂರು ಬಗೆಯದು. ಒಂದು, ಹಸಿವು ಮತ್ತು ದಣಿವು ಇರುವಾಗ ಮಾತು ಮುಂಗೋಪಕ್ಕೆ ತಿರುಗುವುದು ಸಹಜ. ಹೊಲದಿಂದ ಬಂದವರ ಹೊಟ್ಟೆಗೆ ಒಂದು ಉಂಡೆ ಬಿದ್ದರೆ ಸಮಾಧಾನ ಬರುತ್ತದೆ. ಎರಡು, ಹಂಚಿ ತಿನ್ನುವುದರಲ್ಲಿಯೇ ಹತ್ತಿರ ತರುವ ಗುಣವಿದೆ. ಉಗಾಂಡ ದೇಶದ ಬುಡೊಂಗೊ ಕಾಡಿನ ಚಿಂಪಾಂಜಿಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಆಹಾರವನ್ನು ಹಂಚಿಕೊಂಡು ತಿಂದಾಗ, ಕೊಟ್ಟ ಪ್ರಾಣಿಯಲ್ಲಿಯೂ ಪಡೆದ ಪ್ರಾಣಿಯಲ್ಲಿಯೂ ಆಕ್ಸಿಟೋಸಿನ್ ಎಂಬ ಚೋದಕ ರಸ ಹೆಚ್ಚಿರುವುದು ಅದರಲ್ಲಿ ಕಂಡುಬಂತು. ತಾಯಿಗೆ ಮೊಲೆಹಾಲು ಇಳಿಯಲು ನೆರವಾಗುವ ರಸವೂ ಇದೇ. ಮೂರು, ಕೆಲವು ಮೂಲಿಕೆಗಳಿಗೆ ಚಿಂತೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುವ ಗುಣವಿದೆ. ಚಿಂತೆ ತಗ್ಗಿದಾಗ ಮಾತು ತಾನಾಗಿ ಹೊರಬರುತ್ತದೆ.

ಅಶ್ವಗಂಧ

ಮೂರನೆಯ ಬಗೆಯಲ್ಲಿ ಮುಖ್ಯವಾದುದು ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದಿನ ಗಿಡ. ಹಸಿ ಬೇರಿಗೆ ಕುದುರೆಯ ವಾಸನೆ ಇರುವುದರಿಂದ ಈ ಹೆಸರು ಬಂದಿದೆ. ಹೈದರಾಬಾದಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾನಸಿಕ ಒತ್ತಡದಿಂದ ಬಳಲುತ್ತಿದ್ದ 64 ಜನರನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ 60 ದಿನ ಬೇರಿನ ಸಾರವನ್ನೂ ಇನ್ನೊಂದಕ್ಕೆ ಔಷಧಿಯಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ಸಾರ ತೆಗೆದುಕೊಂಡವರಲ್ಲಿ ಒತ್ತಡ ಹೆಚ್ಚು ಇಳಿದಿತ್ತು. ಆದರೆ ಅದು ದಿನಕ್ಕೆ 600 ಮಿಲಿಗ್ರಾಂ ಸಾಂದ್ರ ಸಾರ, ಅದನ್ನು ಎರಡು ತಿಂಗಳು ಕೊಟ್ಟದ್ದು. ಮನೆಯ ಉಂಡೆಯಿಂದ ಒಂದೇ ದಿನದಲ್ಲಿ ಅಂಥ ಫಲ ನಿರೀಕ್ಷಿಸಬಾರದು.

ಈ ಬೆಳೆಗೆ ನೀರು ಬಸಿಯುವ ಮರಳು ಮಿಶ್ರಿತ ಕೆಂಪು ಭೂಮಿ ಸಾಕು. ಮಳೆಯಾಶ್ರಯದಲ್ಲಿ ಜೂನ್-ಜುಲೈ ತಿಂಗಳಲ್ಲಿ ಬಿತ್ತಬಹುದು. ಪೋಷಿತ, ಜವಾಹರ್ ಅಸಗಂಧ-20 ಇವು ಹೆಸರಾದ ತಳಿಗಳು. ಬಿತ್ತಿದ 150ರಿಂದ 180 ದಿನಗಳಲ್ಲಿ ಎಲೆ ಒಣಗಿ ಹಣ್ಣು ಕೆಂಪಗಾದಾಗ ಗಿಡವನ್ನು ಬೇರು ಸಹಿತ ಕೀಳಬೇಕು. ಬೇರನ್ನು ತೊಳೆದು, 7ರಿಂದ 10 ಸೆಂಟಿಮೀಟರ್ ಉದ್ದಕ್ಕೆ ತುಂಡರಿಸಿ, ಮುರಿದರೆ ಟಕ್ಕೆಂದು ಮುರಿಯುವವರೆಗೆ ಒಣಗಿಸಬೇಕು. ಹೆಕ್ಟೇರಿಗೆ 3ರಿಂದ 5 ಕ್ವಿಂಟಾಲ್ ಒಣಬೇರು ನಿರೀಕ್ಷಿಸಬಹುದು. ತಿನ್ನಲು ಉಪಯೋಗಿಸುವುದು ಬೇರನ್ನು ಮಾತ್ರ, ಎಲೆಯನ್ನಲ್ಲ. ಕೊಳ್ಳುವವರು ಪುಡಿಯ ಬದಲು ಇಡೀ ಬೇರನ್ನೇ ಕೊಂಡು ಮನೆಯಲ್ಲಿ ಪುಡಿ ಮಾಡಿಕೊಂಡರೆ ಕಲಬೆರಕೆಯ ಭಯ ಕಡಿಮೆ.

1. ಎಳ್ಳು-ಅಶ್ವಗಂಧದ ಉಂಡೆ

ಬೇಕಾಗುವ ಸಾಮಗ್ರಿ: ಎಳ್ಳು 300 ಗ್ರಾಂ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 200 ಗ್ರಾಂ, ಬೆಲ್ಲ 350 ಗ್ರಾಂ, ತುಪ್ಪ 50 ಗ್ರಾಂ, ಅಶ್ವಗಂಧದ ಬೇರಿನ ನಯವಾದ ಪುಡಿ 30 ಗ್ರಾಂ, ಒಣಶುಂಠಿ ಪುಡಿ 10 ಗ್ರಾಂ, ಏಲಕ್ಕಿ ಪುಡಿ 5 ಗ್ರಾಂ.

ಮಾಡುವ ವಿಧಾನ: ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಸಿಡಿಯುವವರೆಗೆ ಹುರಿಯಿರಿ. ಎಳ್ಳನ್ನೂ ಕಡಲೆಕಾಯಿ ಬೀಜವನ್ನೂ ತರಿತರಿಯಾಗಿ ಕುಟ್ಟಿಕೊಳ್ಳಿ. ಅಶ್ವಗಂಧದ ಪುಡಿಯನ್ನು ತುಪ್ಪದಲ್ಲಿ ಒಂದೆರಡು ನಿಮಿಷ ಬಾಡಿಸಿದರೆ ಕಹಿಯೂ ವಾಸನೆಯೂ ಸ್ವಲ್ಪ ತಗ್ಗುತ್ತವೆ. ಬೆಲ್ಲಕ್ಕೆ ಅರ್ಧ ಲೋಟ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಯ ಮೇಲಿಟ್ಟು ಪಾಕ ಮಾಡಿ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಮೆತ್ತಗೆ ಉಂಡೆಯಾದರೆ ಇಳಿಸಿ, ಎಲ್ಲವನ್ನೂ ಬೆರೆಸಿ. ಬಿಸಿ ಇರುವಾಗಲೇ, ಅಂಗೈಗೆ ತುಪ್ಪ ಸವರಿಕೊಂಡು 30 ಉಂಡೆ ಕಟ್ಟಬೇಕು. ಒಂದು ಉಂಡೆಯಲ್ಲಿ ಸುಮಾರು 1 ಗ್ರಾಂ ಬೇರಿನ ಪುಡಿ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು.

ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು ಮತ್ತು ಮಕ್ಕಳಿಗೆ ಈ ಉಂಡೆ ಕೊಡಕೂಡದು. ಅಶ್ವಗಂಧದಿಂದ ಯಕೃತ್ತಿಗೆ ತೊಂದರೆಯಾದ ಪ್ರಸಂಗಗಳು ವರದಿಯಾಗಿವೆ. ಯಕೃತ್ತಿನ ಕಾಯಿಲೆ ಇರುವವರು ಮುಟ್ಟಬಾರದು. ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ನಿದ್ರೆಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಮುಂದುವರಿಯಬೇಕು.

2. ಗುಲ್ಕಂದ

ಸುವಾಸನೆಯ ಪನ್ನೀರು ಗುಲಾಬಿ ಇದಕ್ಕೆ ಯೋಗ್ಯ. ಮಾರುಕಟ್ಟೆಗೆ ಬರುವ ಹೂವಿಗೆ ಕೀಟನಾಶಕ ಹೊಡೆದಿರುವ ಸಂಭವ ಹೆಚ್ಚು, ಅದನ್ನು ಉಪಯೋಗಿಸಬಾರದು. ಹಿತ್ತಿಲಲ್ಲಿ ಔಷಧಿ ಸಿಂಪಡಿಸದ ನಾಲ್ಕು ಗಿಡಗಳಿದ್ದರೆ ಒಂದು ಮನೆಗೆ ಸಾಕಾಗುತ್ತದೆ. ಬೆಳಗಿನ ಹೊತ್ತು ಕಿತ್ತ ಹೂವಿನ ಎಸಳನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ. ಗಾಜಿನ ಭರಣಿಯಲ್ಲಿ ಒಂದು ಪದರ ಎಸಳು, ಒಂದು ಪದರ ಸಕ್ಕರೆ ಹೀಗೆ ತುಂಬಬೇಕು. 250 ಗ್ರಾಂ ಎಸಳಿಗೆ ಕನಿಷ್ಠ 250 ಗ್ರಾಂ ಸಕ್ಕರೆ ಬೇಕು. ಹೆಚ್ಚು ದಿನ ಇಡುವುದಾದರೆ 500 ಗ್ರಾಂ ಹಾಕಿ. ಮೂರು-ನಾಲ್ಕು ವಾರ ದಿನವೂ ಬಿಸಿಲಿಗಿಟ್ಟು, ಒಣ ಚಮಚದಿಂದ ಕಲಕುತ್ತಿರಬೇಕು. ಒದ್ದೆ ಚಮಚ ಹಾಕಿದರೆ ಬೂಷ್ಟು ಬರುತ್ತದೆ. ಊಟದ ನಂತರ ವೀಳ್ಯದೆಲೆಯಲ್ಲಿ ಒಂದು ಚಮಚ ಇಟ್ಟು ಕೊಡಬಹುದು. ಗುಲ್ಕಂದದ ಗುಣವಿರುವುದು ಅದರ ಸುವಾಸನೆಯಲ್ಲಿ ಮತ್ತು ಊಟವಾದ ಮೇಲೂ ಒಂದು ಗಳಿಗೆ ಕುಳಿತು ಮೆಲ್ಲುವ ಆ ಬಿಡುವಿನಲ್ಲಿ.

3. ಬಾಣಂತಿಗೆ ಅಂಟಿನ ಉಂಡೆ

ಕೊಬ್ಬರಿ ತುರಿ 250 ಗ್ರಾಂ, ಬೀಜ ತೆಗೆದ ಉತ್ತತ್ತಿ 250 ಗ್ರಾಂ, ಬೆಲ್ಲ 250 ಗ್ರಾಂ, ಜಾಲಿ ಅಂಟು 100 ಗ್ರಾಂ, ತುಪ್ಪ 100 ಗ್ರಾಂ, ಒಣದ್ರಾಕ್ಷಿ 50 ಗ್ರಾಂ, ಗಸಗಸೆ 25 ಗ್ರಾಂ, ಸ್ವಲ್ಪ ಏಲಕ್ಕಿ, ಜಾಯಿಕಾಯಿ ಅರ್ಧ. ಅಂಟನ್ನು ತುಪ್ಪದಲ್ಲಿ ಹುರಿದಾಗ ಅರಳಿನಂತೆ ಉಬ್ಬಬೇಕು. ಒಳಗೆ ಗಟ್ಟಿ ಉಳಿದರೆ ಹಲ್ಲಿಗೆ ಹತ್ತುತ್ತದೆ. ಕೊಬ್ಬರಿ, ಗಸಗಸೆ ಮತ್ತು ಕುಟ್ಟಿದ ಉತ್ತತ್ತಿಯನ್ನು ಬೇರೆ ಬೇರೆಯಾಗಿ ಬೆಚ್ಚಗೆ ಮಾಡಿ, ಬೆಲ್ಲದ ಪಾಕದಲ್ಲಿ ಎಲ್ಲವನ್ನೂ ಬೆರೆಸಿ ಉಂಡೆ ಕಟ್ಟಬೇಕು. ಗೋಕಾಕ ಮತ್ತು ಅಮೀನಗಡದ ಹೆಸರಾಂತ ಕರದಂಟು ಇದರ ಹತ್ತಿರದ ನೆಂಟ.

ಜಾಯಿಕಾಯಿಯನ್ನು ಅಳತೆ ಮೀರಿ ಹಾಕಬಾರದು. ಒಬ್ಬರೇ ಒಂದು ಇಡೀ ಕಾಯಿಯಷ್ಟು ತಿಂದರೆ ಎದೆ ಬಡಿತ, ವಾಂತಿ, ಭ್ರಮೆ ಉಂಟಾಗಬಹುದು.

ಈ ಉಂಡೆ ಕೊಡುವಾಗ ಒಂದು ಅಂಶ ಗಮನದಲ್ಲಿರಲಿ. ಹೆರಿಗೆಯಾದ ಮನೆಯಲ್ಲಿ ಬಂದವರೆಲ್ಲ ಕೂಸನ್ನು ವಿಚಾರಿಸುತ್ತಾರೆ, ಬಾಣಂತಿಯನ್ನು ವಿಚಾರಿಸುವವರು ಕಡಿಮೆ. ಅತ್ತೆಯೋ ಗಂಡನೋ ಉಂಡೆಯ ತಟ್ಟೆಯೊಡನೆ ಹತ್ತಿರ ಕುಳಿತು ‘ನಿನಗೆ ಹೇಗಿದೆ, ನಿದ್ದೆ ಬರುತ್ತದೆಯೇ’ ಎಂದು ಕೇಳಿದರೆ, ಆ ಮಾತೇ ಅರ್ಧ ಔಷಧಿ. ಅಳು, ಬೇಸರ ಎರಡು ವಾರಕ್ಕೂ ಮೀರಿ ಮುಂದುವರಿದರೆ ಅದು ಕಾಯಿಲೆ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಎಂದೂ ಬೆರೆಸಬಾರದ ವಸ್ತುಗಳು

ಒಲಿಸಿಕೊಳ್ಳಲು ‘ಮದ್ದು ಹಾಕುವ’ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಗಂಡ ಮಾತು ಕೇಳಲಿ, ಸೊಸೆ ಬಗ್ಗಲಿ ಎಂದು ಸಿಹಿಯಲ್ಲಿ ಏನನ್ನಾದರೂ ಗುಟ್ಟಾಗಿ ಬೆರೆಸಿ ತಿನ್ನಿಸುವುದು ಪ್ರಾಣಕ್ಕೇ ಸಂಚಕಾರ ತರಬಹುದು. ಉಮ್ಮತ್ತಿಯ (ದತ್ತೂರಿಯ) ಬೀಜ ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮೈ ಕಾದು, ಮೂತ್ರ ಕಟ್ಟಿ, ಹುಚ್ಚು ಹಿಡಿದಂತೆ ಬಡಬಡಿಸುವ ಸ್ಥಿತಿ ಬರುತ್ತದೆ. ನೋಡಿದವರು ಅದನ್ನು ‘ಮನಸ್ಸು ಬಿಚ್ಚಿತು’ ಎಂದುಕೊಂಡರೂ ಅದು ವಿಷವೇರಿದ ಲಕ್ಷಣ. ಸಾವೂ ಸಂಭವಿಸಬಹುದು. ಇಂಥ ಸಂಶಯ ಬಂದಲ್ಲಿ ಉಪ್ಪುನೀರು, ಹುಣಿಸೆನೀರು ಕುಡಿಸುತ್ತಾ ಕಾಲ ಕಳೆಯದೆ, ತಿಂದ ವಸ್ತುವಿನ ಉಳಿಕೆಯೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಭಂಗಿ, ಮತ್ತು ಬರಿಸುವ ಗುಳಿಗೆ ಇವನ್ನೂ ಸಿಹಿಯಲ್ಲಿ ಅಡಗಿಸಿ ಕೊಡಕೂಡದು. ತಿನ್ನುವವರಿಗೆ ಅದರಲ್ಲಿ ಏನಿದೆ ಎಂದು ಹೇಳಿ, ಅವರು ಒಪ್ಪಿದ ಮೇಲೆಯೇ ಕೊಡಬೇಕು. ಕದ್ದು ತಿನ್ನಿಸಿದಲ್ಲಿ ನಂಬಿಕೆ ಹೋಗುತ್ತದೆ, ನಂಬಿಕೆ ಹೋದಲ್ಲಿ ಸಲಿಗೆ ಬೆಳೆಯುವುದಿಲ್ಲ.

ಪೇಟೆಯ ‘ಶಕ್ತಿವರ್ಧಕ’ಗಳ ಬಗ್ಗೆಯೂ ಎಚ್ಚರ ಬೇಕು. 2022ರಲ್ಲಿ ಅಮೆರಿಕದಲ್ಲಿ ಇಂಥ ಹೆಸರಿನ ಜೇನಿನ ಪದಾರ್ಥಗಳನ್ನು ಪರೀಕ್ಷಿಸಿದಾಗ, ಚೀಟಿಯಲ್ಲಿ ನಮೂದಿಸದ ಸಿಲ್ಡೆನಾಫಿಲ್, ಟಡಾಲಾಫಿಲ್ ಎಂಬ ಔಷಧಿಗಳು ಸಿಕ್ಕಿದವು. ಎದೆನೋವಿಗೆ ನೈಟ್ರೇಟ್ ಗುಳಿಗೆ ನುಂಗುವವರು ಇವನ್ನು ತಿಂದರೆ ರಕ್ತದೊತ್ತಡ ಥಟ್ಟನೆ ಕುಸಿದು ಅಪಾಯವಾಗುತ್ತದೆ.

ಮಾರುವವರಿಗೆ ಸೂಚನೆ

ಮಹಿಳಾ ಮಂಡಳಿಗಳು, ಸ್ವಸಹಾಯ ಗುಂಪುಗಳು ಈ ಸಿಹಿಗಳನ್ನು ಮಾಡಿ ಮಾರುವುದಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಅಶ್ವಗಂಧ ಸೇರಿದ ಉಂಡೆಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಆಹಾರ ಸುರಕ್ಷತಾ ಅಧಿಕಾರಿಗಳಲ್ಲಿ ವಿಚಾರಿಸುವುದು ಕ್ಷೇಮ. ಬೆರೆಸಿದ ಪ್ರತಿಯೊಂದು ವಸ್ತುವನ್ನೂ ಚೀಟಿಯಲ್ಲಿ ಬರೆಯಬೇಕು. ದಾಂಪತ್ಯ ಸುಖ ಹೆಚ್ಚಿಸುತ್ತದೆ ಎಂದು ಔಷಧಿಯ ರೀತಿ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸುತ್ತದೆ. ‘ಎಳ್ಳಿನ ಉಂಡೆ’, ‘ಗುಲ್ಕಂದ’ ಎಂದು ಇದ್ದ ಹೆಸರಿನಲ್ಲಿ ಮಾರಿದರೆ ಗಿರಾಕಿಗೂ ಮಾರುವವರಿಗೂ ಹಿತ.

ಉಂಡೆಯ ಜೊತೆಗೆ ಬೇಕಾದದ್ದು

ಬೆಲೆ ಬಿದ್ದಾಗ, ಬೋರ್‌ವೆಲ್ ಬತ್ತಿದಾಗ, ಸಾಲದ ಕಂತು ತಪ್ಪಿದಾಗ ಮನೆಯ ಯಜಮಾನ ಅದನ್ನು ಹೆಂಡತಿಗೂ ಹೇಳದೆ ಒಳಗೇ ಇಟ್ಟುಕೊಳ್ಳುವುದುಂಟು. ಹೆಂಡತಿಯೂ ತನ್ನ ಮೈ ನೋವು, ತವರಿನ ಚಿಂತೆಯನ್ನು ಹೇಳಿಕೊಳ್ಳುವುದಿಲ್ಲ. ಒಂದೇ ಸೂರಿನಡಿ ಇದ್ದೂ ಇಬ್ಬರೂ ಒಂಟಿ. ವಾರಕ್ಕೆ ಎರಡು ಸಂಜೆಯಾದರೂ ಮೊಬೈಲನ್ನೂ ಟೆಲಿವಿಷನ್ನನ್ನೂ ಬದಿಗಿಟ್ಟು, ಜಗಲಿಯ ಮೇಲೆ ಉಂಡೆ ಹಂಚಿಕೊಂಡು ಅರ್ಧ ಗಂಟೆ ಕುಳಿತುಕೊಳ್ಳಿ. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಲಿ. ತಪ್ಪು ಹುಡುಕುವ, ಬುದ್ಧಿ ಹೇಳುವ ಅವಸರ ಬೇಡ. ಹತ್ತಿರವಾಗುವುದು ಇಬ್ಬರಿಗೂ ಮನಸ್ಸಿದ್ದಾಗ ಮಾತ್ರ. ಒಬ್ಬರು ಬೇಡವೆಂದರೆ ಅಲ್ಲಿಗೆ ನಿಲ್ಲಬೇಕು.

ಚಿಂತೆ ಹಗುರಾಗದೆ, ಬದುಕೇ ಬೇಡವೆನ್ನಿಸಿದರೆ ಉಂಡೆಯನ್ನು ನಂಬಿ ಕೂರಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಎಳ್ಳು, ಕಡಲೆಕಾಯಿ, ಬೆಲ್ಲ, ತುಪ್ಪ ಇವು ನಮ್ಮ ಮನೆಯವೇ. ಮುಂಗಾರಿಗೆ ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಅಶ್ವಗಂಧ, ಹಿತ್ತಿಲಲ್ಲಿ ನಾಲ್ಕು ಗುಲಾಬಿ ಗಿಡ ಹಾಕಿಕೊಂಡರೆ ಉಳಿದದ್ದೂ ಕೈಗೆಟುಕುತ್ತದೆ. ಮೊದಲ ಸಲ ಅರ್ಧ ಅಳತೆಯಲ್ಲಿ ಮಾಡಿ, ಮನೆಯವರಿಗೆ ಒಗ್ಗುವುದನ್ನು ನೋಡಿಕೊಂಡು ಆನಂತರ ಹೆಚ್ಚಿಸುವುದು ಸೂಕ್ತ.