ಖೋ ಕೊಟ್ಟು ಕೂರುವ ವಿದ್ಯೆ

ನಮ್ಮ ಬಡಾವಣೆಯ ಉದ್ಯಾನಕ್ಕೆ ಬೆಳಗಿನ ವಾಯುವಿಹಾರಕ್ಕೆ ಬರುವ ಮಿತ್ರರೊಬ್ಬರು ಈಚೆಗೆ ತಮ್ಮ ಮಗಳ ವಿಷಯ ಹೇಳಿಕೊಂಡರು. ಏಳನೆಯ ತರಗತಿಯಿಂದ ಖೋ ಖೋ ಆಡುತ್ತಿದ್ದ ಹುಡುಗಿ. ಜಿಲ್ಲಾ ಮಟ್ಟದವರೆಗೆ ಹೋಗಿ ಬಂದವಳು. ಈಗ ಹತ್ತನೆಯ ತರಗತಿ. ‘ಈ ವರ್ಷ ಆಟ ಬಿಡಿಸಿದ್ದೇವೆ ಸಾರ್, ಅಂಕ ಮುಖ್ಯವಲ್ಲವೆ?’ ಎಂದರು. ಎರಡು ಸುತ್ತು ನಡೆದ ಬಳಿಕ ಅವರೇ ಇನ್ನೊಂದು ಸಲಹೆ ಕೇಳಿದರು. ರಜೆಯಲ್ಲಿ ಮಕ್ಕಳಿಗೆ ನಾಯಕತ್ವ ಗುಣ ಕಲಿಸುವ ವ್ಯಕ್ತಿತ್ವ ವಿಕಸನ ಶಿಬಿರವೊಂದು ನಡೆಯುತ್ತದಂತೆ, ಶುಲ್ಕ ತುಸು ಹೆಚ್ಚು, ಮಗಳನ್ನು ಸೇರಿಸಬಹುದೆ ಎಂದು. ಕೈಯಲ್ಲಿದ್ದುದನ್ನು ಬಿಸುಟು ಅದನ್ನೇ ಹಣ ಕೊಟ್ಟು ಕೊಳ್ಳುವ ಈ ವ್ಯವಹಾರ, ಅರ್ಥಶಾಸ್ತ್ರ ಓದಿದ ನನಗೂ ಅರ್ಥವಾಗಲಿಲ್ಲ. ಆದರೆ ಆ ಗಳಿಗೆಯಲ್ಲಿ ತಕ್ಕ ಉತ್ತರವೂ ಹೊಳೆಯಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಖೋ ಖೋ ಆಟವನ್ನು ನಾವೆಲ್ಲ ಬಾಲ್ಯದಲ್ಲಿ ಆಡಿದ್ದೇವೆ; ಆದ್ದರಿಂದಲೇ ಅದರ ವಿಶೇಷವನ್ನು ಗಮನಿಸಿಲ್ಲ. ಎಂಟು ಮಂದಿ ಸಾಲಾಗಿ, ಒಬ್ಬರು ಆ ಕಡೆ ಇನ್ನೊಬ್ಬರು ಈ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಅಟ್ಟಿಸಿಕೊಂಡು ಹೋಗುವವನು ಒಬ್ಬನೇ. ಅವನು ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಸಾಲನ್ನು ಸೀಳಿಕೊಂಡು ಆಚೆಗೆ ನುಗ್ಗುವಂತಿಲ್ಲ. ಓಡುವವನಿಗೋ ಈ ಯಾವ ಕಟ್ಟುಪಾಡೂ ಇಲ್ಲ. ಎಷ್ಟೇ ವೇಗವಾಗಿ ಓಡುವವನಾದರೂ ಒಬ್ಬನೇ ಎದುರಾಳಿಗಳನ್ನೆಲ್ಲ ಹಿಡಿಯುತ್ತೇನೆಂದು ಹೊರಟರೆ ಸೋಲು ಖಚಿತ. ಸರಿಯಾದ ಗಳಿಗೆಯಲ್ಲಿ ಸರಿಯಾದ ಜೊತೆಗಾರನ ಬೆನ್ನು ಮುಟ್ಟಿ ‘ಖೋ’ ಎಂದು ಕೂಗಿ, ಅವನು ಬಿಟ್ಟ ಜಾಗದಲ್ಲಿ ತಾನು ಕೂರಬೇಕು. ಕುಳಿತವನಾದರೂ ಸುಮ್ಮನೆ ಕುಳಿತಿರುವುದಿಲ್ಲ. ಕರೆ ಬರುವ ಮುನ್ನ ಎದ್ದರೆ ತಪ್ಪು, ಬಂದ ಮೇಲೆ ತಡವಾಗಿ ಎದ್ದರೆ ನಷ್ಟ. ಆಡಳಿತದ ಪಠ್ಯಪುಸ್ತಕಗಳಲ್ಲಿ ಅಧಿಕಾರ ವಿಕೇಂದ್ರೀಕರಣದ ಮೇಲೆ ನಾನು ಓದಿದ ಅಧ್ಯಾಯಗಳು ಕಡಿಮೆಯೇನಲ್ಲ. ಅವು ಯಾವುವೂ ಇಷ್ಟು ಸ್ಪಷ್ಟವಾಗಿರಲಿಲ್ಲ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದ ಜಿಲ್ಲೆಗಳು ನೀರಿನಲ್ಲಿ ಮುಳುಗಿದಾಗ ನನ್ನನ್ನು ಪರಿಹಾರ ಕಾರ್ಯದ ಮೇಲ್ವಿಚಾರಣೆಗೆ ನಿಯೋಜಿಸಲಾಗಿತ್ತು. ಪ್ರೌಢಶಾಲೆಯೊಂದರ ಕಟ್ಟಡದಲ್ಲಿ ಗಂಜಿ ಕೇಂದ್ರ. ಮೂರು ಹಳ್ಳಿಗಳ ಜನ. ಯಾರು ಏನು ಮಾಡಬೇಕೆಂದು ನಾನು ರಾತ್ರಿ ಕುಳಿತು ಅಂದವಾದ ಪಟ್ಟಿಯೊಂದನ್ನು ತಯಾರಿಸಿದ್ದೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅದು ಯಾವ ಕೆಲಸಕ್ಕೂ ಬಾರದಾಗಿತ್ತು. ಅಡುಗೆಯವರು ಬಂದಿರಲಿಲ್ಲ, ಸಾಲಿನಲ್ಲಿ ನೂಕಾಟ, ಒಂದು ಹಳ್ಳಿಯವರಿಗೆ ಮೊದಲು ಬಡಿಸಿದರೆಂದು ಇನ್ನೊಂದು ಹಳ್ಳಿಯವರ ತಕರಾರು. ಆಗ ಪರಿಸ್ಥಿತಿಯನ್ನು ಕೈಗೆ ತೆಗೆದುಕೊಂಡದ್ದು ಸೇವೆಗೆ ಸೇರಿ ಎರಡು ವರ್ಷವೂ ಆಗಿರದ ಗ್ರಾಮ ಲೆಕ್ಕಿಗ ಹೆಣ್ಣುಮಗಳು. ಆಕೆ ಯಾರ ಮೇಲೂ ರೇಗಲಿಲ್ಲ. ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕರೆದು ಅವರ ಕೈಗೇ ಸೌಟು ಕೊಟ್ಟಳು. ಮೂರೂ ಹಳ್ಳಿಗಳಿಂದ ಇಬ್ಬಿಬ್ಬರು ಹುಡುಗರನ್ನು ಹೆಸರು ಹಿಡಿದು ಕರೆದು ನೀರಿನ ಹೊಣೆ ಒಪ್ಪಿಸಿದಳು. ಅರ್ಧ ಗಂಟೆಯ ನಂತರ ನೋಡಿದರೆ ಆಕೆ ಕಟ್ಟೆಯ ಮೇಲೆ ಕುಳಿತಿದ್ದಾಳೆ! ಅಧಿಕಾರಿಯ ಸಹಜ ಗತ್ತಿನಲ್ಲಿ, ‘ಏನಮ್ಮಾ, ಕುಳಿತುಬಿಟ್ಟಿರಿ?’ ಎಂದೆ. ‘ಖೋ ಕೊಟ್ಟೀನ್ರೀ ಸರ, ಈಗ ಅವರು ಓಡ್ತಾರ. ನಾ ರಾತ್ರಿ ಪಾಳಿಗೆ ಏಳಬೇಕಲ್ಲರೀ’ ಎಂದಳು. ಕಾಲೇಜಿನಲ್ಲಿ ಆಕೆ ಖೋ ಖೋ ತಂಡದಲ್ಲಿದ್ದಳೆಂದು ಆಮೇಲೆ ತಿಳಿಯಿತು. ಆ ಕೇಂದ್ರ ನಡೆದಷ್ಟು ದಿನ ನಾನು ಮತ್ತೆ ಪಟ್ಟಿ ಬರೆಯುವ ಗೋಜಿಗೆ ಹೋಗಲಿಲ್ಲ.

ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆಡಿದವರು ನಾಯಕರಾದರೋ, ನಾಯಕರಾಗುವ ಸ್ವಭಾವದವರೇ ಆಟದತ್ತ ಹೋದರೋ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದ ಯಾವ ವಿದ್ಯಾರ್ಥಿಯೂ ಕೇಳಿಯೇ ಕೇಳುತ್ತಾನೆ. ಇದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. 2000ದಲ್ಲಿ ನೊಬೆಲ್ ಪುರಸ್ಕಾರ ಪಡೆದ ಜೇಮ್ಸ್ ಹೆಕ್‌ಮನ್ ಅವರು ಬದುಕಿನ ಯಶಸ್ಸನ್ನು ಪರೀಕ್ಷೆಯ ಅಂಕಗಳಷ್ಟೇ ನಿರ್ಧರಿಸುವುದಿಲ್ಲ, ಹಿಡಿದ ಕೆಲಸ ಬಿಡದ ಛಲ, ಸಂಯಮ, ಪರರೊಡನೆ ಹೊಂದಿ ನಡೆಯುವ ಗುಣಗಳಿಗೂ ಅಷ್ಟೇ ತೂಕವಿದೆ, ಇವು ಹುಟ್ಟಿನಿಂದಲೇ ಸ್ಥಿರವಾದವಲ್ಲ, ಬೆಳೆಸಬಹುದಾದವು ಎಂದು ತೋರಿಸಿಕೊಟ್ಟಿದ್ದಾರೆ. ಅವರು ಮುಖ್ಯವಾಗಿ ಪರಿಶೀಲಿಸಿದ್ದು ಎಳೆಯ ಮಕ್ಕಳ ಶಿಕ್ಷಣವನ್ನು, ಕ್ರೀಡೆಯನ್ನಲ್ಲ. ಆದರೆ ಹದಿನಾಲ್ಕರ ಹರೆಯದಲ್ಲಿ ಈ ಗುಣಗಳನ್ನು ದಿನಕ್ಕೊಂದು ಗಂಟೆ ಅಭ್ಯಾಸ ಮಾಡಿಸುವ ಸ್ಥಳ ಆಟದ ಮೈದಾನವಲ್ಲದೆ ಬೇರೆಲ್ಲಿದೆ? ತರಗತಿಯಲ್ಲಿ ಪಕ್ಕದವನಿಗೆ ನೆರವಾದರೆ ಅದನ್ನು ನಕಲು ಎನ್ನುತ್ತೇವೆ. ಮೈದಾನದಲ್ಲಿ ನೆರವಾಗದಿದ್ದರೆ ತಪ್ಪು.

ಆಟ ತಾನಾಗಿಯೇ ಎಲ್ಲರನ್ನೂ ಸಜ್ಜನರನ್ನಾಗಿ ಮಾಡುತ್ತದೆಂಬ ಭ್ರಮೆ ನನಗಿಲ್ಲ. ಹಿರಿಯ ಆಟಗಾರರ ಚೀಲ ಹೊರುವುದರಲ್ಲೇ ಕಿರಿಯರ ದಿನ ಕಳೆಯುವ ತಂಡಗಳಿವೆ. ಗೆಲುವೊಂದನ್ನೇ ಕಲಿಸುವ ತರಬೇತುದಾರ ತಯಾರಿಸುವುದು ದರ್ಪದ ಪಾಳೇಗಾರರನ್ನು. ಆಟದಿಂದ ಬರುವ ನಾಯಕತ್ವದ ಬೆಲೆ ತಿಳಿಯುವುದು ಸೋಲಿನಲ್ಲಿ, ಕೆಲವೊಮ್ಮೆ ತಾನಾಗಿಯೇ ತಂದುಕೊಂಡ ಸೋಲಿನಲ್ಲಿ. ಗುಂಡಪ್ಪ ವಿಶ್ವನಾಥ್ ಭಾರತ ತಂಡವನ್ನು ಮುನ್ನಡೆಸಿದ್ದು ಎರಡೇ ಟೆಸ್ಟ್ ಪಂದ್ಯಗಳಲ್ಲಿ. ಎರಡನೆಯದು 1980ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸುವರ್ಣ ಮಹೋತ್ಸವ ಟೆಸ್ಟ್. ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದ್ದರು. ಚೆಂಡು ಬ್ಯಾಟಿಗೆ ತಗುಲಿರಲಿಲ್ಲವೆಂದು ಮನಗಂಡ ವಿಶ್ವನಾಥ್ ಆತನನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಆರನೆಯ ವಿಕೆಟ್ಟಿಗೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮತ್ತೆ ನಾಯಕರಾಗಲಿಲ್ಲ. ಆ ಪಂದ್ಯವನ್ನು ಗೆದ್ದವರು ಯಾರೆಂಬುದು ಇಂದು ಹಲವರಿಗೆ ಮರೆತಿದೆ, ಟೇಲರ್‌ನನ್ನು ಕರೆದವರು ಯಾರೆಂಬುದು ಮರೆತಿಲ್ಲ. ಭದ್ರಾವತಿಯ ಮೈದಾನಗಳಲ್ಲಿ ಬೆಳೆದ ಹುಡುಗನಿಗೆ ಅದನ್ನು ಯಾರೂ ಶಿಬಿರದಲ್ಲಿ ಕಲಿಸಿರಲಾರರು.

ಇದೇ ಸಾಲಿಗೆ ಸೇರುವುದು ರಾಹುಲ್ ದ್ರಾವಿಡ್ ಅವರ ನಡೆ. 2018ರಲ್ಲಿ ಅವರ ತರಬೇತಿಯ ಹತ್ತೊಂಬತ್ತು ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ಅವರಿಗೆ 50 ಲಕ್ಷ, ನೆರವು ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಈ ಅಂತರ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಎಂದಾಯಿತು. ತಮ್ಮ ಪಾಲು ಅರ್ಧಕ್ಕಿಳಿಯುವಂತೆ ತಾವೇ ವಾದಿಸಿದವರನ್ನು ನಾನು ಸರ್ಕಾರಿ ಸೇವೆಯ ಅಷ್ಟು ವರ್ಷಗಳಲ್ಲಿ ಕಂಡದ್ದು ನೆನಪಿಲ್ಲ.

ದೊಡ್ಡ ಹೆಸರುಗಳನ್ನು ಬದಿಗಿಟ್ಟು ಕೊಡಗಿನತ್ತ ನೋಡೋಣ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಕುಟುಂಬಗಳ ತಂಡಗಳಿದ್ದವು. ಮುಂದೆ ಆ ಸಂಖ್ಯೆ 300ನ್ನೂ ದಾಟಿತು. ಸಾಮಾನ್ಯವಾಗಿ ಪ್ರತಿ ಬಾರಿ ಬೇರೊಂದು ಒಕ್ಕ ಆತಿಥ್ಯ ವಹಿಸುತ್ತದೆ. ಮೈದಾನ ಸಜ್ಜು ಮಾಡುವುದು, ಹಣ ಹೊಂದಿಸುವುದು, ತಿಂಗಳುಗಟ್ಟಲೆ ಪಂದ್ಯಗಳನ್ನು ನಡೆಸುವುದು ಇವೆಲ್ಲ ಆ ಮನೆತನದವರ ಹೆಗಲಿಗೆ ಬೀಳುತ್ತವೆ. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ, ಮನೆಯ ಹೆಣ್ಣುಮಕ್ಕಳು ಆಡುವುದುಂಟು. ಅಲ್ಲಿ ಹದಿನೆಂಟರ ಹುಡುಗ ದೊಡ್ಡಪ್ಪನಿಗೆ, ‘ಈಗ ನೀವು ಹೊರಗೆ ಬನ್ನಿ’ ಎಂದು ಹೇಳಬೇಕಾಗುತ್ತದೆ, ದೊಡ್ಡಪ್ಪ ಕೇಳಬೇಕಾಗುತ್ತದೆ. ನಮ್ಮ ಕುಟುಂಬ ವ್ಯವಸ್ಥೆಯಲ್ಲಿ ಇದು ಸಣ್ಣ ಮಾತಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ತಂಡದ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಈ ನೆಲದಿಂದಲೇ ಬಂದವರು.

ಇನ್ನು ನಮ್ಮ ಶಾಲೆಗಳ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಬರೆದಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಬೇಕೆಂದಿದೆ. ನಗರದ ಎಷ್ಟೋ ಖಾಸಗಿ ಶಾಲೆಗಳ ಮೈದಾನ ಇಂದು ಶಾಲಾ ವಾಹನಗಳ ನಿಲ್ದಾಣ. ಪಿ.ಟಿ. ಮೇಷ್ಟ್ರ ಪಾಲಿಗೆ ಪ್ರಾರ್ಥನೆಯ ಸಾಲು ನಿಲ್ಲಿಸುವುದು, ಸಮವಸ್ತ್ರ ಪರೀಕ್ಷಿಸುವುದು ಉಳಿದಿವೆ. ಜನವರಿ ಬಂತೆಂದರೆ ಅವರ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡಬೇಕು. ಹೆಣ್ಣುಮಕ್ಕಳಿಗಂತೂ ಎಂಟನೆಯ ತರಗತಿ ದಾಟುತ್ತಲೇ ಮೈದಾನದ ಬಾಗಿಲು ಮುಚ್ಚತೊಡಗುತ್ತದೆ. ಮುಚ್ಚುವವರು ಶಾಲೆಯವರಲ್ಲ, ನಾವು.

ಮುಚ್ಚದೆ ಬಿಟ್ಟಾಗ ಏನಾಗಬಹುದೆಂಬುದನ್ನು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ತೋರಿಸಿದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊಟ್ಟಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ಈ ರೈತ ಕುಟುಂಬದ ಹೆಣ್ಣುಮಗಳಿದ್ದರು. ಪುರುಷರ ತಂಡದಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್. ರಾಜ್ಯ ಸರ್ಕಾರ ತಲಾ ಐದು ಲಕ್ಷ ರೂಪಾಯಿ ಘೋಷಿಸಿದಾಗ, ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಬಹುಮಾನ, ಜೊತೆಗೆ ನೌಕರಿ ಕೊಡುತ್ತಿರುವುದನ್ನು ಎತ್ತಿ ತೋರಿಸಿ ಇಬ್ಬರೂ ಅದನ್ನು ಸ್ವೀಕರಿಸಲಿಲ್ಲ. ಇದು ಉದ್ಧಟತನವೆಂದು ಕೆಲವರಿಗೆ ತೋರಿರಬಹುದು. ನನಗೆ ಹಾಗೆನಿಸಲಿಲ್ಲ. ಮುಖ್ಯಮಂತ್ರಿಗಳು ಕೊಟ್ಟದ್ದನ್ನು ಬೇಡವೆನ್ನಲು, ಕಾರಣ ಹೇಳಿ ನಿಲ್ಲಲು ಬೇಕಾದ ಬೆನ್ನುಮೂಳೆಯೂ ಆ ಅಂಗಳದಲ್ಲೇ ಬೆಳೆದಿರಬೇಕು.

ಕಳೆದ ವಾರ ಉದ್ಯಾನದಲ್ಲಿ ಮಿತ್ರರು ಮತ್ತೆ ಸಿಕ್ಕರು. ಮಗಳ ಅಭ್ಯಾಸ ಎಷ್ಟು ಗಂಟೆಗಿತ್ತೆಂದು ಕೇಳಿದೆ. ‘ಬೆಳಿಗ್ಗೆ ಆರರಿಂದ ಏಳು ಸಾರ್, ಶಾಲೆಯ ಅಂಗಳದಲ್ಲೇ’ ಎಂದರು. ಟ್ಯೂಷನ್? ‘ಅದು ಸಂಜೆ ಐದೂವರೆಗೆ.’ ಹಾಗಾದರೆ ಈಗ ಆರರಿಂದ ಏಳರವರೆಗೆ ಏನು ಮಾಡುತ್ತಾಳೆ ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, ‘ಮಲಗಿರುತ್ತಾಳೆ’ ಎಂದರು.