ಹಗ್ಗ ಮರೆಯದ ಹೆಜ್ಜೆ

ಅರಕಲಗೂಡು, ಹೊಳೆನರಸೀಪುರದ ಕಡೆಯೂ ಸೇರಿ ಹಳೇ ಮೈಸೂರು ಸೀಮೆಗೆ ಜಡೆ ಕೋಲಾಟ ಹೊಸದಲ್ಲ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ತಲಾ ಒಂದರಂತೆ ಹಿಡಿದು, ಕೋಲು ತಟ್ಟುತ್ತ ಆಟಗಾರರು ಒಬ್ಬರನ್ನೊಬ್ಬರು ದಾಟುತ್ತಾರೆ. ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಿದರೆ ಜಡೆ ಬಿಚ್ಚಿಕೊಳ್ಳುತ್ತದೆ.

ಈ ಹೆಣಿಗೆಗೊಂದು ಬೀಜಗಣಿತವಿದೆ. ಗಣಿತಜ್ಞ ಎಮಿಲ್ ಆರ್ಟಿನ್ 1925ರಲ್ಲಿ ಅದನ್ನು ರೂಪಿಸಿದರು. ಅಕ್ಕಪಕ್ಕದ ಎಳೆಗಳ ಪ್ರತಿ ದಾಟಿಗೆ ಒಂದು ಅಕ್ಷರ, ಅದನ್ನು ಬಿಚ್ಚುವ ದಾಟಿಗೆ ಅದರ ವಿಲೋಮ. ನಿಯಮ ಎರಡೇ. ದೂರದ ಜೋಡಿಗಳಲ್ಲಿ ಯಾವುದು ಮೊದಲು ದಾಟಿದರೂ ಜಡೆ ಒಂದೇ. ಮೂರು ಎಳೆಗಳಲ್ಲಿ ಎಡಜೋಡಿ, ಬಲಜೋಡಿ, ಮತ್ತೆ ಎಡಜೋಡಿ ದಾಟಿದರೂ, ಬಲ, ಎಡ, ಬಲ ಎಂದು ದಾಟಿದರೂ ಜಡೆ ಒಂದೇ.

ಆಟಗಾರರ ಒಂದು ಚಲನೆಯನ್ನು, ಶುರುವಿನ ಮತ್ತು ಕೊನೆಯ ಜಾಗ ಹಾಗೇ ಇಟ್ಟು, ಯಾರೂ ಯಾರಿಗೂ ತಾಗದಂತೆ, ಸ್ವಲ್ಪಸ್ವಲ್ಪವೇ ಬದಲಿಸಿ ಇನ್ನೊಂದಾಗಿಸಬಹುದಾದರೆ ಎರಡೂ ಒಂದೇ ಎಂದು ಎಣಿಸುವುದು ಹೋಮೋಟೊಪಿ. ಇಬ್ಬರು ಜಾಗ ಅದಲುಬದಲಾಗಿ, ಅದೇ ದಿಕ್ಕಿನಲ್ಲಿ ಮತ್ತೊಮ್ಮೆ ಅದಲುಬದಲಾದರೆ ನಿಂತ ಜಾಗ ಮೊದಲಿನದೇ. ಹಗ್ಗದ ತಿರುಚು ಮಾತ್ರ ಉಳಿದಿರುತ್ತದೆ. ಆಂದ್ರೆ ಜೊಯಾಲ್ ಮತ್ತು ರಾಸ್ ಸ್ಟ್ರೀಟ್ 1980ರ ದಶಕದಲ್ಲಿ ತಿರುಚು ಉಳಿಯುವ ಈ ಅದಲುಬದಲನ್ನೇ ಕೆಟಗರಿ ಸಿದ್ಧಾಂತಕ್ಕೆ, ಎಂದರೆ ವಸ್ತುಗಳನ್ನು ಅವುಗಳ ನಡುವಿನ ನಂಟುಗಳ ಮೂಲಕ ನೋಡುವ ಗಣಿತಕ್ಕೆ, ತಂದರು.

ಈ ತಿರುಚು ಸಣ್ಣ ಸಂಗತಿಯಲ್ಲ. ಗಣಿತದ ಅವಕಾಶಗಳ (ಸ್ಪೇಸ್) ಹೋಮೋಟೊಪಿಯನ್ನೆಲ್ಲ, ಹೆಜ್ಜೆಗಳ ನಡುವಿನ ಹೆಜ್ಜೆಗಳನ್ನೂ ಎಣಿಸುವ ಉನ್ನತ ಆಯಾಮದ ಬೀಜಗಣಿತ ಹಿಡಿಯಬೇಕೆಂಬುದು 1983ರಲ್ಲಿ ಅಲೆಕ್ಸಾಂಡರ್ ಗ್ರೋತೆಂಡೀಕ್ ಮುಂದಿಟ್ಟ ಕನಸು. ನಿಯಮಗಳನ್ನೆಲ್ಲ ಕಟ್ಟುನಿಟ್ಟಿನ ಸಮೀಕರಣಗಳಾಗಿಸಿದರೆ ತಿರುಚು ಅಳಿಸಿಹೋಗುತ್ತದೆ. ಅಂಥ ಬೀಜಗಣಿತ ಮೂರನೇ ಆಯಾಮಕ್ಕೆ ಬರುವಷ್ಟರಲ್ಲಿ ಗೋಳದ ಮೇಲ್ಮೈಯನ್ನೂ ಹಿಡಿಯಲಾರದೆಂದು ಕಾರ್ಲೋಸ್ ಸಿಂಪ್ಸನ್ 1998ರಲ್ಲಿ ತೋರಿಸಿದರು. ಹಾಗಾಗಿ ಸಮೀಕರಣದ ಜಾಗದಲ್ಲಿ ಮೇಲಿನ ಆಯಾಮದ ಹೆಜ್ಜೆಯೊಂದನ್ನು ಇಡಬೇಕು: ಇದು ಅದಕ್ಕೆ ಸಮ ಎಂದರೆ ಸಾಲದು, ಯಾವ ದಾರಿಯಲ್ಲಿ ಸಮ ಎಂಬುದೂ ಬೇಕು. ಅವಕಾಶಗಳಿಗೆ ಡೇನಿಯಲ್ ಕಾನ್ ಕೊಟ್ಟ ಮಾದರಿಯಲ್ಲಿ ಅಂಥ ಹೆಜ್ಜೆ ಇದ್ದೇ ಇರುತ್ತದೆ, ಯಾವುದೆಂದು ಗೊತ್ತುಮಾಡಿರುವುದಿಲ್ಲ. ಥಾಮಸ್ ನಿಕೊಲೌಸ್ 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆ ಆಯ್ಕೆಯನ್ನೇ ರಚನೆಯ ಭಾಗವಾಗಿಸಿ, ಅದರಿಂದ ಹೋಮೋಟೊಪಿಯ ಮಾಹಿತಿ ಏನೂ ನಷ್ಟವಾಗದೆಂದು ಸಾಧಿಸಿದರು.

ಈ ಗಣಿತ ನಮಗೆ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟೊಪಾಲಜಿ ತಜ್ಞ ಸಿದ್ಧಾರ್ಥ ಗಾಡ್ಗೀಳ್, ಸಮ ಎಂಬುದನ್ನೇ ದಾರಿಯೆಂದು ಎಣಿಸುವ ಹೋಮೋಟೊಪಿ ಟೈಪ್ ಸಿದ್ಧಾಂತದಲ್ಲೂ ಕೆಲಸ ಮಾಡಿದ್ದಾರೆ. ಇಂಥ ಗಣಿತಕ್ಕೆ ಹೋಗುವ ದಾರಿ ನಮ್ಮ ಹೈಸ್ಕೂಲುಗಳಿಂದಲೇ ಶುರುವಾಗಬೇಕು. ಆರ್ಟಿನ್ನರ ಎರಡನೇ ನಿಯಮವನ್ನು ಪರೀಕ್ಷಿಸಲು ಮೂರು ದಾರ ಸಾಕು. ಉತ್ತರ ಸರಿಯಿದ್ದರೆ ಸಾಕು ಎನ್ನುವ ಗಣಿತವನ್ನಷ್ಟೇ ಮಕ್ಕಳಿಗೆ ಕೊಟ್ಟಿದ್ದೇವೆ. ಉತ್ತರಕ್ಕೆ ಬಂದ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗಣಿತ ಅವರಿಗೆ ಸಿಗಲೇಬೇಕು.