ಫೋರ್ಟ್ರಾನ್‌ನಲ್ಲಿ ಬೀಜೋಕ್ತಿಗೊಂದು ಹೆಸರು

ಸೂರ್ಯನ ಸುತ್ತ ಗ್ರಹವೊಂದು ಸಾಗುವ ಪಥವನ್ನು ಗಣಕದಲ್ಲಿ ಲೆಕ್ಕ ಹಾಕಲು ಹೊರಟಿದ್ದೀರಿ ಎನ್ನೋಣ. ಎಕ್ಸ್ ಮತ್ತು ವೈಗಳ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸೂರ್ಯನಿಂದ ಗ್ರಹಕ್ಕಿರುವ ದೂರ, ಮತ್ತೆ ಮತ್ತೆ ಬೇಕಾಗುತ್ತದೆ. ಪ್ರತಿ ಸಲವೂ ಅಷ್ಟುದ್ದ ಬರೆಯುವ ಬದಲು ಆ ಬೀಜೋಕ್ತಿಗೆ ‘ಆರ್’ ಎಂದು ಹೆಸರಿಡಬಹುದು. ಇದಕ್ಕಾಗಿಯೇ ಫೋರ್ಟ್ರಾನ್ 2003ರಲ್ಲಿ ‘ಅಸೋಸಿಯೇಟ್’ ಎಂಬ ರಚನೆಯನ್ನು ಸೇರಿಸಲಾಯಿತು. ‘ಎಂಡ್ ಅಸೋಸಿಯೇಟ್’ ಬರುವ ತನಕ ಮಾತ್ರ ಆ ಹೆಸರಿಗೆ ಅರ್ಥ. ಅದರ ಬಗೆಯನ್ನು ಬೇರೆಯಾಗಿ ಘೋಷಿಸಬೇಕಿಲ್ಲ. ಬೀಜೋಕ್ತಿಯ ಬಗೆಯೇ ಹೆಸರಿನ ಬಗೆ.

ಹೆಸರು ಕಂಡಲ್ಲೆಲ್ಲ ಕಂಪೈಲರ್ ಬೀಜೋಕ್ತಿಯನ್ನು ಹೊಸದಾಗಿ ಲೆಕ್ಕ ಹಾಕಿಸುತ್ತದೆ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಹಾಗಲ್ಲ. ರಚನೆಯನ್ನು ಪ್ರವೇಶಿಸುವಾಗ ಒಂದೇ ಸಲ ಬೆಲೆ ಕಂಡುಹಿಡಿಯಲಾಗುತ್ತದೆ. ಅನಂತರ ಹೆಸರು ಸೂಚಿಸುವುದು ಆ ಬೆಲೆಯನ್ನೇ. ಎಕ್ಸ್ 3, ವೈ 4 ಆಗಿದ್ದರೆ ಆರ್ 5. ರಚನೆಯ ಒಳಗೆ ಎಕ್ಸ್ ಅನ್ನು 6ಕ್ಕೆ ಬದಲಿಸಿ: ನಿಜವಾದ ದೂರ ಸುಮಾರು 7.2, ಆರ್ ಮಾತ್ರ 5 ಆಗಿಯೇ ಉಳಿಯುತ್ತದೆ.

ಇದರಿಂದಾಗುವ ಅನಾಹುತ ಸಣ್ಣದಲ್ಲ. ಅಸೋಸಿಯೇಟನ್ನು ಲೂಪಿನ ಹೊರಗೆ ಬರೆದಿರೆಂದರೆ ಆರಂಭದ ದೂರವೇ ಕೊನೆಯವರೆಗೂ ಬಳಕೆಯಾಗುತ್ತದೆ. ಕಂಪೈಲರ್ ಆಕ್ಷೇಪಿಸುವುದಿಲ್ಲ. ಎಕ್ಸ್ ದಿಕ್ಕಿನ ವೇಗೋತ್ಕರ್ಷದ ಸೂತ್ರದಲ್ಲಿ ಮೇಲೆ ಎಕ್ಸ್, ಕೆಳಗೆ ಆರ್‌ನ ಘನ ಇವೆಯಷ್ಟೆ? ಆರ್ ಸ್ಥಿರವಾದೊಡನೆ ಗುರುತ್ವ ಬಲವು ಸ್ಪ್ರಿಂಗಿನ ಬಲದಂತೆ ವರ್ತಿಸುತ್ತದೆ. ಆಗಲೂ ಗಣಕವು ಅಂದವಾದ ದೀರ್ಘವೃತ್ತವನ್ನೇ ಬರೆದೀತು! ಆದರೆ ಸೂರ್ಯ ಇರುವುದು ಅದರ ನಾಭಿಯಲ್ಲಲ್ಲ, ಕೇಂದ್ರದಲ್ಲಿ. ಕೆಪ್ಲರನ ಮೊದಲ ನಿಯಮ ನೆನಪಿಲ್ಲದವರು ಇದನ್ನು ಸರಿಯೆಂದೇ ನಂಬಿಬಿಡುತ್ತಾರೆ. ಅಸೋಸಿಯೇಟನ್ನು ಲೂಪಿನ ಒಳಕ್ಕೆ ತಂದರೆ ಪ್ರತಿ ಸುತ್ತಿನಲ್ಲೂ ಹೊಸ ಪ್ರವೇಶ, ಹೊಸ ಬೆಲೆ.

ಬೀಜೋಕ್ತಿಯ ಬದಲು ಚರವೊಂದಕ್ಕೇ ಹೆಸರಿಟ್ಟರೆ ಕಥೆ ಬೇರೆ. ಆಗ ಅದು ಚರದ ಇನ್ನೊಂದು ಹೆಸರು. ಅದಕ್ಕೆ ಸೊನ್ನೆ ಕೊಟ್ಟರೆ ಮೂಲ ಚರವೂ ಸೊನ್ನೆಯಾಗುತ್ತದೆ. ಬೀಜೋಕ್ತಿಯ ಹೆಸರಿಗಾದರೋ ಬೆಲೆ ಕೊಡುವುದು ನಿಷಿದ್ಧ. ಅರೇಯ ‘ಐ’ನೇ ಘಟಕಕ್ಕೆ ಹೆಸರಿಟ್ಟಾಗ ಎಷ್ಟನೆಯ ಘಟಕ ಎಂಬುದು ಪ್ರವೇಶದಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ‘ಐ’ ಬದಲಾದರೂ ಹೆಸರು ಹಳೆಯ ಘಟಕವನ್ನು ಬಿಡುವುದಿಲ್ಲ.

ಒಂದು ಸ್ವಾರಸ್ಯ: ಚರದ ಸುತ್ತ ಆವರಣ ಚಿಹ್ನೆ ಹಾಕಿದರೆ ಸಾಕು, ಫೋರ್ಟ್ರಾನ್ ಅದನ್ನು ಬೀಜೋಕ್ತಿ ಎಂದು ಪರಿಗಣಿಸುತ್ತದೆ. ಗ್ರಹದ ಆರಂಭಿಕ ಎಕ್ಸ್ ಅನ್ನು ಲೂಪಿನುದ್ದಕ್ಕೂ ಕಾಪಾಡಿಕೊಳ್ಳಬೇಕಿದ್ದರೆ ಆವರಣದೊಳಗಿನ ಎಕ್ಸ್‌ಗೆ ಲೂಪಿನ ಹೊರಗೆ ಹೆಸರಿಡಿ.